ಆಕಡೀ ದೇಶದ ಗ್ರೇಡರ್

ಅವರ ಬಲಗೈಯ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ತೋರುಬೆರಳಿನಲ್ಲೂ ಇರಲಿಲ್ಲ. ನಲವತ್ತು ವರ್ಷ ಆ ಎರಡು ಬೆರಳುಗಳ ನಡುವೆ ಹತ್ತಿಯ ಎಳೆ ಹಿಡಿದು ಎಳೆದೂ ಎಳೆದೂ ಅಲ್ಲಿನ ಚರ್ಮ ಹೊಳೆಯ ಗುಂಡುಕಲ್ಲಿನಂತೆ ನುಣ್ಣಗಾಗಿಬಿಟ್ಟಿತ್ತು. ರೇಷನ್ ಅಂಗಡಿಯ ಮಿಷನ್ನಿನ ಮೇಲೆ ಬೆರಳು ಒತ್ತಿದರೆ ಅದು ಕೆಂಪು ದೀಪ ತೋರಿಸಿ ಸುಮ್ಮನಾಗುತ್ತಿತ್ತು. "ತಾತಾ, ಮಿಷನ್ ಪ್ರಕಾರ ನೀನು ಇಲ್ಲೇ ಇಲ್ಲ" ಎಂದು ಅಂಗಡಿಯವನು ನಗುತ್ತಿದ್ದ. ಇವರೂ ನಗುತ್ತಿದ್ದರು. "ಅದಕ್ಕೇನು ಗೊತ್ತಪಾ. ನನ್ನ ಗುರುತೆಲ್ಲಾ ಹತ್ತಿ ತಗೊಂಡು ಹೋಗೈತಿ. ಎಲ್ಲೆಲ್ಲಿ ಯಾರ ಅಂಗಿಯಾಗ ಐತೋ ಏನೋ."

ಈಗ ಅವರ ಹೆಸರಿನಲ್ಲಿ ಒಂದು ಪುಸ್ತಕ ಇದೆ. ನೂರೈವತ್ತು ಪುಟ, ಹೊಳೆಯುವ ರಟ್ಟು, ಹಿಂಬದಿಯಲ್ಲಿ ಅವರ ಫೋಟೊ. ಗಡಿಯ ಈಚೆಗೆ, ತೆಲುಗು ಸೀಮೆಯಲ್ಲಿರುವ ನಮ್ಮ ಆದವಾನಿಯಲ್ಲಿ ಅದನ್ನು ಓದದವರೂ ಹೊಗಳುತ್ತಾರೆ. ಆ ಪುಸ್ತಕ ತಲೆಕೆಳಗಾಗಿದೆ. ಅದನ್ನು ತಲೆಕೆಳಗು ಮಾಡಿದವರು ಪ್ರೀತಿಯಿಂದಲೇ ಮಾಡಿದರು, ಶಾಲು ಹೊದಿಸಿ ಮಾಡಿದರು. ಮಾಡಲು ಬಿಟ್ಟವಳು ನಾನು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಸಿಟ್ಟನ್ನು ನುಂಗುವುದನ್ನು ಕಲಿಸಿದ್ದರು. ಎಪ್ಪತ್ತಾರನೇ ವಯಸ್ಸಿನವರೆಗೆ ಆ ಡಿಸಿಪ್ಲಿನ್ ಪಾಲಿಸಿದೆ. ಇನ್ನು ನನ್ನಿಂದ ಆಗುವುದಿಲ್ಲ.

ನಮ್ಮದು ಹತ್ತಿ ವ್ಯಾಪಾರದ ಮನೆ. ಅಪ್ಪನ ಜಿನ್ನಿಂಗ್ ಮಿಲ್ಲಿನಲ್ಲಿ ಅವರು ಗ್ರೇಡರ್ ಆಗಿದ್ದರು. ಬಂದ ಗಾಡಿಯಿಂದ ಒಂದು ಹಿಡಿ ಹತ್ತಿ ತೆಗೆಯುವುದು, ಎರಡು ಕೈಯಲ್ಲಿ ಮೆಲ್ಲಗೆ ಹರಿಯುವುದು, ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ, ಮೊದಲ ಸಲ ಬಿಡಿಸಿದ್ದೋ ಕಡೆಯ ಸಲ ಬಿಡಿಸಿದ್ದೋ ಹೇಳುವುದು. ಒಂದೇ ಗುಣದ ಹತ್ತಿಯೆಲ್ಲ ಸೇರಿ ಒಂದು ಲಾಟು. ಆ ಲಾಟಿನಲ್ಲಿ ಬೇರೆಯದು ಒಂದು ಮೂಟೆ ಸೇರಿದರೂ ಮುಂಬಯಿಯಿಂದ ತಕರಾರಿನ ಪತ್ರ ಬರುತ್ತಿತ್ತು. ಅವರಿದ್ದಷ್ಟು ಕಾಲ ಅಂಥ ಪತ್ರ ಬರಲಿಲ್ಲ ಎಂದು ಅಪ್ಪ ಜಂಬದಿಂದ ಹೇಳುತ್ತಿದ್ದರು, ಆ ಜಂಬ ತಮ್ಮದೇ ಎಂಬಂತೆ.

ಕೋಸಗಿ ಕಡೆಯ ಕೂಲಿ ಮನೆತನ ಅವರದು. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ ಊರೂರು ಕೆಲಸ ಹುಡುಕಿಕೊಂಡು ಹೋಗುವ ಜನ. ಅವರನ್ನು ಮಾತ್ರ ಮಾಧವರಂನ ಅಜ್ಜಿಯ ಹತ್ತಿರ ಬಿಟ್ಟಿದ್ದರಿಂದ ಅಲ್ಲಿ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆ ಸಿಕ್ಕಿತು. ಮನೆಯಲ್ಲಿ ನಾವೆಲ್ಲ ಅವರನ್ನು ಹೆಸರು ಹಿಡಿದು, ನೀನು ಎಂದೇ ಕರೆಯುತ್ತಿದ್ದೆವು. ಅವರಿಗಿಂತ ಚಿಕ್ಕವಳಾದ ನಾನೂ. ಊರೂರು ಇಂಗ್ಲಿಷ್ ಪಾಠ ಮಾಡಿ, ರಿಟೈರ್ ಆಗಿ ಆದವಾನಿಗೆ ವಾಪಸು ಬಂದ ಮೇಲೆ ಒಂದು ದಿನ ವರಾಂಡದಲ್ಲಿ ನಿಂತ ಅವರಿಗೆ "ಬನ್ನಿ, ಕೂತ್ಕೊಳ್ಳಿ" ಎಂದೆ. ಅವರು ತಿರುಗಿ ಹಿಂದೆ ಯಾರು ಬಂದರು ಎಂದು ನೋಡಿದರು.

"ನಿಮಗೇ ಹೇಳಿದ್ದು" ಎಂದೆ.

"ನನಗ? ಹಂಗಾದ್ರ ಜರಾ ನಿಧಾನಕ್ಕ ಹೇಳ್ರಿ ಅಮ್ಮಾರ, ರೂಢಿ ಆಗ್ಲಿ" ಎಂದು ಕುರ್ಚಿಯ ತುದಿಗೆ ಕೂತರು.

ಆ ದಿನ ಅವರು ಬಂದದ್ದು ಎರಡು ನೋಟ್‌ಬುಕ್ ಹಿಡಿದುಕೊಂಡು. ಇಷ್ಟು ವರ್ಷ ಮಿಲ್ಲಿನ ಊಟದ ಹೊತ್ತಿನಲ್ಲಿ, ಮೂಟೆಗಳ ಮೇಲೆ ಕೂತು, ಒಂದು ದೇಶ ಕಟ್ಟಿದ್ದರು. ಆ ದೇಶಕ್ಕೆ ಹೆಸರಿಲ್ಲ. ಆಕಡೀ ದೇಶ ಎನ್ನುತ್ತಿದ್ದರು. ಎಲ್ಲಿದೆ ಎಂದರೆ, "ಮಾಧವರಂನಾಗ ನಿಂತ್ರ ಹೊಳಿ ಆಕಡೀಗೆ ಕರ್ನಾಟಕ ಕಾಣ್ತೈತಲ್ರಿ, ಅದರ ಆಕಡೀಗೆ" ಎನ್ನುವರು. ಅಲ್ಲಿ ನೆರಳಿಗೆ ತೂಕ ಇದೆ. ನೆರಳನ್ನು ಮಡಿಚಬಹುದು, ಹೊರಬಹುದು, ಒತ್ತೆ ಇಡಬಹುದು. ದೇಶಕ್ಕೆಲ್ಲ ಇರುವುದು ಒಂದೇ ಬಾವಿ. ಭಾರದ ನೆರಳಿನವರು, ಹಗುರ ನೆರಳಿನವರು ಎಂದು ಎರಡು ಥರದ ಜನ. ಆ ದೇಶಕ್ಕೆ ನಾಲ್ಕು ಕಾಲಗಳು: ಕಾವಲಿನ ಕಾಲ, ಒತ್ತೆಯ ಕಾಲ, ಬೀಗದ ಕಾಲ, ಮರೆವಿನ ಕಾಲ. ಒಂದೊಂದು ಕಾಲಕ್ಕೂ ಎಂಟು ಹತ್ತು ಕಥೆಗಳು.

ಇದನ್ನೆಲ್ಲ ಅವರು ನನಗೆ ಆವತ್ತು ಹೇಳಲಿಲ್ಲ. ಎರಡು ನೋಟ್‌ಬುಕ್ಕುಗಳಲ್ಲಿ ಒಂದೊಂದು ಕಥೆ ತೆಗೆದು, ಮೇಲಿನ ಹೆಡಿಂಗಿನ ಮೇಲೆ ಅಂಗೈ ಮುಚ್ಚಿ, "ಓದ್ರಿ. ಯಾವುದು ಮದ್ಲಿನ ಕಾಲದ್ದು, ಯಾವುದು ಕಡೀ ಕಾಲದ್ದು, ಹೇಳ್ರಿ" ಎಂದರು. ಮಿಲ್ಲಿನಲ್ಲಿ ಹೊಸಬರಿಗೆ ಕೆಲಸ ಕಲಿಸುವುದೂ ಹೀಗೇ ಅಂತೆ: ಚೀಟಿ ಮುಚ್ಚಿ ಎರಡು ಹಿಡಿ ಹತ್ತಿ ಕೊಡುವುದು.

ಒಂದು ಕಥೆಯಲ್ಲಿ ಒಬ್ಬ ಹೆಂಗಸು ಬಾವಿಯ ಮೆಟ್ಟಿಲ ಮೇಲೆ ಬೊಗಸೆ ಹಿಡಿದು ನಿಂತಿದ್ದಾಳೆ. ಆಕೆಯದು ಭಾರದ ನೆರಳು. ಬಾವಿಗೆ ಎರಡು ಸಾಲು ಮೆಟ್ಟಿಲು. ಒಂದು ನೀರಿನವರೆಗೆ ಇಳಿಯುತ್ತದೆ, ಇನ್ನೊಂದು ಆರನೇ ಮೆಟ್ಟಿಲಿಗೆ ನಿಲ್ಲುತ್ತದೆ. ಆಕೆ ನಿಂತಿರುವುದು ಆ ಆರನೆಯದರ ಮೇಲೆ. ಹೊತ್ತು ನೆತ್ತಿಗೆ ಬಂದು ನೆರಳು ಕಾಲಡಿಯಲ್ಲಿ ಸೇರಿಕೊಂಡಾಗ ಮಾತ್ರ ಯಾರಾದರೂ ಬಂದು ಮೇಲಿನಿಂದ ನೀರು ಹಾಕುತ್ತಾರೆ. ಮೋಡ ಬಂದರೆ ಅಂದು ನೀರಿಲ್ಲ. ಇನ್ನೊಂದು ಕಥೆಯಲ್ಲಿ ಅದೇ ಬಾವಿ, ಅದೇ ಎರಡು ಸಾಲು. ಊರಿನ ಮಕ್ಕಳೆಲ್ಲ ಆ ಅರ್ಧಕ್ಕೆ ನಿಂತ ಮೆಟ್ಟಿಲಿನಿಂದ ನೀರಿಗೆ ಜಿಗಿಯುತ್ತಿದ್ದಾರೆ. ಒಂದು ಮಗು ಅಜ್ಜಿಯನ್ನು ಕೇಳುತ್ತದೆ, ಇದು ಯಾಕೆ ಇಲ್ಲಿಗೇ ನಿಂತಿದೆ? ಅಜ್ಜಿ ಹೇಳುತ್ತಾಳೆ, ನೀನು ಜಿಗಿಯಲಿ ಅಂತ, ಮತ್ಯಾಕೆ?

ನಾನು ಮೂವತ್ತೈದು ವರ್ಷ ಲಿಟರೇಚರ್ ಕಲಿಸಿದವಳು. ಕನ್ನಡಕ ಸರಿ ಮಾಡಿಕೊಂಡು ಹೇಳಿದೆ. ಮಕ್ಕಳು ಜಿಗಿಯುವ ಕಥೆ ಮೊದಲಿನ ಕಾಲದ್ದು. ಅಲ್ಲಿ ಇನ್ನೂ ಇನ್ನೊಸೆನ್ಸ್ ಇದೆ. ಹೆಂಗಸು ನೀರಿಗೆ ಕಾಯುವುದು ಕಡೆಯ ಕಾಲದ್ದು, ಕಾಲ ಕೆಟ್ಟ ಮೇಲೆ. ಕಾನ್ವೆಂಟಿನ ಬೈಬಲ್ ಕ್ಲಾಸಿನಲ್ಲಿ ಮೊದಲ ವಾರವೇ ಹೇಳಿಕೊಟ್ಟಿದ್ದರು: ಮೊದಲು ತೋಟ, ಆಮೇಲೆ ಪಾಪ.

ಅವರು ಹೆಡಿಂಗಿನ ಮೇಲಿನ ಕೈ ತೆಗೆದರು. ಎರಡೂ ತಪ್ಪು.

"ಕೆಡಬೇಕಂದ್ರ ಮದ್ಲು ಚೊಲೋ ಇರಬೇಕಲ್ರಿ ಅಮ್ಮಾರ" ಎಂದರು. "ಯಾರ ಕಾಲ ಚೊಲೋ ಇತ್ತು ಹೇಳ್ರಿ."

ನನಗೆ ಸ್ವಲ್ಪ ಸಿಟ್ಟು ಬಂತು. "ಕಥೆಯೊಳಗೆ ಎಲ್ಲಿದೆ ಅದು? ನೀವು ಬರೆದವರು, ನಿಮಗೆ ಗೊತ್ತು. ಓದುವವರಿಗೆ ಹೇಗೆ ಗೊತ್ತಾಗಬೇಕು?"

"ಎರಡೂ ಬಾಜು ಬಾಜು ಇಟ್ಟು ಎಳೀರಿ. ಕಲ್ಲು ನೋಡ್ರಿ, ಕಲ್ಲು. ಈಕಿ ನಿಂತ ಕಲ್ಲಿನ ಮ್ಯಾಲ ಉಳಿ ಹೊಡೆದ ಗುರುತು ಇನ್ನಾ ಐತಿ, ಕಾಲಿಗೆ ಚುಚ್ತೈತಿ ಅಂತ ಬರದೀನಿ. ಈ ಹುಡುಗ್ರು ಜಿಗಿಯೋ ಕಲ್ಲು? ಜಾರ್ತೈತಿ. ಎಷ್ಟು ಮಂದಿ ನಿಂತು ನಿಂತು ಸವೆದಿರಬೇಕು ಅದು! ಹೊಸಾದು ಯಾವುದು, ಹಳೀದು ಯಾವುದು? ಚೂಡಂಡಿ, ನೋಡ್ರಿ, ನೀವೇ ಹೇಳ್ರಿ."

ನಾನು ಮತ್ತೆ ಓದಿದೆ. ಇತ್ತು. ಎರಡೂ ಇದ್ದವು. ಓದಿಯೂ ನೋಡಿರಲಿಲ್ಲ.

"ಕಾನ್ವೆಂಟ್ ಕಣ್ಣು" ಎಂದು ನಕ್ಕರು. "ದೂರದ್ದು ಭಾಳ ಚೊಲೋ ಕಾಣ್ತೈತಿ."

ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಈ ಪರೀಕ್ಷೆ. ನಾನು ಚಹಾ ಮಾಡುವುದು, ಅವರು ಹೆಡಿಂಗ್ ಮುಚ್ಚಿ ಎರಡು ಕಥೆ ಕೊಡುವುದು. ಮೊದಲ ಆರು ತಿಂಗಳು ಫೇಲಾದೆ. ಆಮೇಲೆ ಎಳೆ ಕೈಗೆ ಹತ್ತತೊಡಗಿತು. ಕಾವಲಿನ ಕಾಲದ ಕಥೆಗಳಲ್ಲಿ ಯಾರೂ ಪ್ರಶ್ನೆ ಕೇಳುವುದೇ ಇಲ್ಲ. ಹೇಳುತ್ತಾರೆ, ಕೇಳಿಸಿಕೊಳ್ಳುತ್ತಾರೆ, ಅಷ್ಟೇ. ಒತ್ತೆಯ ಕಾಲದಲ್ಲಿ ಭಾರದ ನೆರಳಿನವರು ಬಾವಿಯ ಬಾಗಿಲಲ್ಲಿ ತಮ್ಮ ನೆರಳನ್ನು ಕತ್ತರಿಸಿ ಒತ್ತೆ ಇಟ್ಟು ಒಳಗೆ ಹೋಗಬಹುದು, ವಾಪಸು ಬರುವಾಗ ಬಿಡಿಸಿಕೊಳ್ಳಬೇಕು. ಹೀಗಾಗಿ ಆ ಕಥೆಗಳಲ್ಲಿ ಎಲ್ಲರೂ ಅವಸರದಲ್ಲಿ ಇರುತ್ತಾರೆ, ಹಿಂದೆ ತಿರುಗಿ ನೋಡುತ್ತಲೇ ಇರುತ್ತಾರೆ, ತಮ್ಮ ನೆರಳನ್ನು ಬೇರೆ ಯಾರಾದರೂ ಒಯ್ದಾರು ಎಂದು. ಬೀಗದ ಕಾಲದಲ್ಲಿ ಮನೆಮನೆಗೂ ಒಂದೊಂದು ಹಂಡೆ, ಹಂಡೆಗೊಂದು ಬೀಗ. ಯಾರ ನೆರಳಿಗೂ ಯಾರೂ ಹೆದರುವುದಿಲ್ಲ, ಯಾರಿಗೂ ಯಾರೂ ನೀರನ್ನೂ ಕೊಡುವುದಿಲ್ಲ. "ಇದು ಈಗಿನದು ಅಲ್ವಾ?" ಎಂದು ಕೇಳಿದ್ದೆ. "ಹೆಂಗ ಹೇಳಾಕ ಬರ್ತೈತ್ರಿ? ನಮ್ಮ ಊರಾಗ ಓಣಿಗೊಂದು ಕಾಲ ನಡದೈತಿ" ಎಂದರು. ಮರೆವಿನ ಕಾಲದ ಕಥೆಗಳಲ್ಲಿ ರಾಜನಿಲ್ಲ, ಮನೆಯ ಸೂರು ಸೋರುತ್ತದೆ, ಜನ ಜಗಳ ಆಡುತ್ತಾರೆ. ಆದರೆ ಮಕ್ಕಳು ಬಾಯಿ ತೆಗೆದರೆ "ಯಾಕೆ" ಎಂದೇ ಶುರು, ದೊಡ್ಡವರಿಗೆ ಉತ್ತರ ಗೊತ್ತಿಲ್ಲ. ಆ ಗೊತ್ತಿಲ್ಲದಿರುವುದೇ ಅವರಿಗೆ ಬೇಕಾಗಿತ್ತು. ನಾಲ್ಕು ಕಾಲ ನಡೆದು ಬರಬೇಕಾದದ್ದು ಅಲ್ಲಿಗೇ.

ಒಂದು ಭಾನುವಾರ ಕೇಳಿದೆ: ಆ ಹೆಂಗಸು, ಮಧ್ಯಾಹ್ನದ ನೀರು, ಮೇಲಿನಿಂದ ಹಾಕುವುದು, ಇದೆಲ್ಲ ಎಲ್ಲಿಂದ ಬಂತು?

ಅವರು ಚಹಾದ ಲೋಟ ಕೆಳಗಿಟ್ಟರು. "ಇಲ್ಲಿಂದ" ಎಂದರು, ನಮ್ಮ ವರಾಂಡದ ಕಟ್ಟೆ ತೋರಿಸಿ. "ನಮ್ಮವ್ವ ನಿಮ್ಮ ಹೊಲದಾಗ ಹತ್ತಿ ಬಿಡಿಸಾಕ ಬರ್ತಿದ್ಲು. ಮೂಟಿ ಹೊತ್ತು ಮಧ್ಯಾನಕ್ಕ ಇಲ್ಲಿ ತಂದು ಇಳಿಸಿ, ಕೆಳಗ ನಿಂತು ಬೊಗಸಿ ಹಿಡೀಬೇಕು. ನಿಮ್ಮಜ್ಜಿ ಚಂಬಿನಾಗ ಹಾಕ್ತಿದ್ರು. ಒಮ್ಮೊಮ್ಮೆ ಮನೀ ಸಣ್ಣ ಹುಡುಗಿ ನಾನು ಹಾಕ್ತೀನಿ ನಾನು ಹಾಕ್ತೀನಿ ಅಂತ ಕುಣೀತಿತ್ತಂತ. ಅದಕ್ಕ ಆಟ. ಗಳಗಳ ಹೊಯ್ದುಬಿಡೋದು. ನಮ್ಮವ್ವಗ ಮೂಗಿಗೆ ನೀರೇರಿ ಕೆಮ್ಮು ಬಂದ್ರ ಆ ಹುಡುಗಿ ಚಪ್ಪಾಳಿ ಹೊಡೀತಿತ್ತಂತ."

ಮನೆಯಲ್ಲಿ ಆಗ ಸಣ್ಣ ಹುಡುಗಿ ಇದ್ದದ್ದು ನಾನೊಬ್ಬಳೇ. ನನಗೆ ಆ ಹಿತ್ತಾಳೆ ಚಂಬು ನೆನಪಿದೆ. ನೀರಿನ ಸದ್ದು ನೆನಪಿದೆ. ಕೆಳಗೆ ನಿಂತವರ ಒಂದು ಮುಖವೂ ನೆನಪಿಲ್ಲ.

ನಾನು ಏನೋ ಹೇಳಲು ಹೋದೆ. ಇಂಗ್ಲಿಷಿನಲ್ಲೇ ಬಂತು, ನನಗೆ ನಾಚಿಕೆಯಾದಾಗ ಹಾಗೇ. ಅವರು ಕೈ ಅಡ್ಡ ಮಾಡಿದರು. "ಬಿಡ್ರಿ. ಅವ್ವ ಅದನ್ನ ನಕ್ಕೋಂತ ಹೇಳ್ತಿದ್ಲು. ನನಗ ಸಿಟ್ಟು ಬರ್ತಿದ್ದದ್ದು ಬ್ಯಾರೇದಕ್ಕ. ಮಿಲ್ಲಿನಾಗ ನಿಮ್ಮಪ್ಪಾರು, ಅವರ ದೋಸ್ತರು ಕುಂತು, ಆ ಕಾಲ ಬಂಗಾರ ಇತ್ತಪಾ, ಈಗ ಕೆಟ್ಟೈತಿ ಅಂತಿದ್ರಲ್ಲ. ನಾನು ಬಾಜೂಕ ನಿಂತು ಹತ್ತಿ ಎಳಕೋಂತ ಕೇಳಬೇಕಾಗ್ತಿತ್ತು. ಒಂದಿನ ಅನ್ನಿಸ್ತು, ಒಂದು ದೇಶ ಮಾಡೂಣು. ಅಲ್ಲಿ ಕಾಲ ಸರೀಗೆ ಹರೀಲಿ. ಮದ್ಲಿಂದು ಮದ್ಲಿಗೆ, ಕಡೀದು ಕಡೀಗೆ."

ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಬೇರೆ ಏನನ್ನೂ ಕೇಳಲಿಲ್ಲ. ಹೆಸರು ಬೇಡ, ಶಾಲು ಬೇಡ. ಕಾಲಗಳು ಸರಿಯಾದ ಸಾಲಿನಲ್ಲಿ ಇರಬೇಕು.

ನನ್ನ ಸೋದರಮಾವನ ಮಗ ಇಲ್ಲಿ ಹತ್ತಿ ಕಮಿಷನ್ ವ್ಯಾಪಾರದ ಜೊತೆಗೆ ಒಂದು ಸಾಹಿತ್ಯ ಬಳಗದ ಕಾರ್ಯದರ್ಶಿ. ಗಡಿಯ ಈಚೆ ಕನ್ನಡ ಉಳಿಯಬೇಕು ಎಂದು ಮನಸಾರೆ ಓಡಾಡುವವನು. ನಾನೇ ಅವನಿಗೆ ಹೇಳಿದೆ, ನಮ್ಮ ಗ್ರೇಡರ್ ಹತ್ತಿರ ಹನ್ನೊಂದು ನೋಟ್‌ಬುಕ್ ಇವೆ, ಪುಸ್ತಕ ಮಾಡಿ ಎಂದು. ಅವನು ಕುಣಿದುಬಿಟ್ಟ. ನಾನೇ ಕೂತು ಫೇರ್ ಕಾಪಿ ಮಾಡಿಕೊಟ್ಟೆ, ಕಾಲದ ಹೆಸರು ಹಾಕಿ, ಒಂದು ಎರಡು ಮೂರು ನಾಲ್ಕು ಎಂದು ನಂಬರ್ ಹಾಕಿ.

ನಾಲ್ಕು ತಿಂಗಳ ಮೇಲೆ ವಾಟ್ಸಾಪಿನಲ್ಲಿ ಪ್ರೂಫ್ ಬಂತು. ಕೆಳಗೆ ಅವನ ಮೆಸೇಜು: ಸ್ವಲ್ಪ ಎಡಿಟಿಂಗ್ ಮಾಡಿದ್ದೇವೆ ಅಕ್ಕ, ಒಮ್ಮೆ ನೋಡು. ನನ್ನ ಒಂದು ಕಣ್ಣಿಗೆ ಕ್ಯಾಟರಾಕ್ಟ್ ಆಪರೇಷನ್ ಆಗಿ ಹತ್ತು ದಿನ ಆಗಿತ್ತು. ಇನ್ನೊಂದು ಕಣ್ಣು ಸರಿಯಾಗಿಯೇ ಇತ್ತು. ಇದನ್ನು ಬರೆದುಬಿಡಬೇಕು: ಇನ್ನೊಂದು ಕಣ್ಣು ಸರಿಯಾಗಿಯೇ ಇತ್ತು. ಫೋನಿನಲ್ಲಿ ಅಷ್ಟು ಸಣ್ಣ ಅಕ್ಷರ ಯಾರು ಓದುತ್ತಾರೆ ಎಂಬ ಸೋಮಾರಿತನ, ಮನೆಯ ಹುಡುಗನ ಕೆಲಸವನ್ನು ಸಂಶಯಪಡುವುದು ಮರ್ಯಾದೆಯಲ್ಲ ಎಂಬ ನಮ್ಮ ಪೊಲೈಟ್ನೆಸ್. ಆಸ್ ಯು ಥಿಂಕ್ ಫಿಟ್, ಎಂದು ಬೆರಳಿನಿಂದ ಒತ್ತಿ ಕಳಿಸಿದೆ. ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ ಅದಕ್ಕಿಂತ ಸಭ್ಯವಾದ, ಅದಕ್ಕಿಂತ ಹೇಡಿ ವಾಕ್ಯ ಇನ್ನೊಂದಿಲ್ಲ.

ಬಿಡುಗಡೆಯ ದಿನ ಕಲ್ಯಾಣಮಂಟಪ ತುಂಬಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅವರು ವೇದಿಕೆಯ ಮೇಲೆ ಕೂತಿದ್ದರು, ಈ ಸಲ ಕುರ್ಚಿಯ ತುದಿಗಲ್ಲ. ಕೆಳಗೆ ಅವರ ಮಗಳು, ಕೋಸಗಿಯಲ್ಲಿ ನರ್ಸ್ ಆಗಿರುವವಳು, ರಜೆ ಹಾಕಿ ಬಂದು ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದಳು. ಮುಖ್ಯ ಅತಿಥಿಗಳು ಮೈಕು ಹಿಡಿದು, "ನಮ್ಮ ಪೂರ್ವಿಕರ ಸುವರ್ಣಕಾಲವನ್ನು, ಆಮೇಲೆ ನಾವು ಹೇಗೆ ಹಂತಹಂತವಾಗಿ ಪತನವಾದೆವು ಎಂಬುದನ್ನು ಈ ಶ್ರಮಜೀವಿ ಕಣ್ಣಿಗೆ ಕಟ್ಟುವಂತೆ..." ಎಂದರು. ಪಕ್ಕದವರ ಕೈಯಿಂದ ಪುಸ್ತಕ ಕಿತ್ತುಕೊಂಡು ಕಾಂಟೆಂಟ್ಸ್ ಪೇಜು ತೆಗೆದೆ.

ಸುವರ್ಣಕಾಲ. ಬೆಳ್ಳಿಕಾಲ. ತಾಮ್ರಕಾಲ. ಕಬ್ಬಿಣಕಾಲ.

ಮಕ್ಕಳು ಜಿಗಿಯುವ ಕಥೆ ಒಂಬತ್ತನೇ ಪುಟದಲ್ಲಿ, ಎಲ್ಲಕ್ಕಿಂತ ಮೊದಲು. ನೀರಿಗೆ ಕಾಯುವ ಹೆಂಗಸು ನೂರಾ ಹತ್ತೊಂಬತ್ತನೇ ಪುಟದಿಂದ ಶುರುವಾಗುವ ಕಡೆಯ ಭಾಗದಲ್ಲಿ. ಅದೂ ಮುಗಿದ ಮೇಲೆ, ಅವರು ಬರೆಯದ ಒಂದು ಸಾಲು: ಹೀಗೆ ಕಾಲ ಕೆಡುತ್ತಾ ಬಂತು.

ಏನು ಅರ್ಥ ಇದಕ್ಕೆ? ಆ ಮೆಟ್ಟಿಲನ್ನು ಯಾರೋ ಮುದ್ದಿನಿಂದ ಮಕ್ಕಳು ಜಿಗಿಯಲೆಂದೇ ಅರ್ಧಕ್ಕೆ ಕಟ್ಟಿದ್ದರು, ಆಮೇಲೆ ಬಂದ ಕೆಟ್ಟ ಜನ ಅದರ ಮೇಲೆ ಒಬ್ಬಳನ್ನು ನಿಲ್ಲಿಸಿದರು ಎಂದು ಅರ್ಥ. ಕಟ್ಟಿದವರ ಕೈಗೆ ಏನೂ ಅಂಟಲಿಲ್ಲ ಎಂದು ಅರ್ಥ. ಕಥೆಗಳೊಳಗೆ ಒಂದಕ್ಷರ ಬದಲಾಯಿಸದೆ, ಬರೀ ಹಿಂದಿನದನ್ನು ಮುಂದೆ ಇಟ್ಟು, ನನ್ನ ಅಜ್ಜಿಯನ್ನೂ ನನ್ನನ್ನೂ ಪೂರಾ ಖುಲಾಸೆ ಮಾಡಿಬಿಟ್ಟಿದ್ದರು.

ವೇದಿಕೆಯ ಮೇಲೆ ಅವರೂ ಅದೇ ಪುಟ ತೆಗೆದಿದ್ದರು. ಬೆರಳು ಆ ನಾಲ್ಕು ಹೆಸರುಗಳ ಮೇಲೆ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹೋಗುತ್ತಿತ್ತು. ನಾಲ್ಕು ಮಾತು ಆಡಿ ಎಂದು ಮೈಕು ಕೊಟ್ಟರು. ಅವರು ಎದ್ದು ನಿಂತು, ಹಾರ ತೆಗೆದು ಕುರ್ಚಿಯ ಮೇಲಿಟ್ಟರು.

"ಹತ್ತಿ ನಂದೇ ಐತ್ರಿ" ಎಂದರು. "ಲಾಟು ನಂದಲ್ಲ."

ಸಭೆಯಲ್ಲಿ ಅರ್ಧಕ್ಕರ್ಧ ಹತ್ತಿ ವ್ಯಾಪಾರದವರು. ಎಂಥ ವಿನಯ, ಎಲ್ಲ ಶ್ರೇಯಸ್ಸನ್ನೂ ಬಳಗಕ್ಕೇ ಕೊಟ್ಟುಬಿಟ್ಟ ಎಂದುಕೊಂಡರು. ಗೊಳ್ಳೆಂದು ನಕ್ಕು ಚಪ್ಪಾಳೆ ಹೊಡೆದರು. ಅವರು ಚಪ್ಪಾಳೆ ನಿಲ್ಲುವವರೆಗೂ ಕಾದರು, ಇನ್ನೇನೋ ಹೇಳುವವರಂತೆ. ಅಷ್ಟರಲ್ಲಿ ನಿರೂಪಕಿ ಮೈಕು ತೆಗೆದುಕೊಂಡು ವಂದನಾರ್ಪಣೆ ಎಂದಳು.

ಊಟದ ಸಾಲಿನಲ್ಲಿ ಕಾರ್ಯದರ್ಶಿಯನ್ನು ಹಿಡಿದೆ.

"ಯಾಕೆ ಉಲ್ಟಾ ಮಾಡಿದಿ?"

"ಉಲ್ಟಾ? ಅಯ್ಯ ಅಕ್ಕಾ, ಆತ ಉಲ್ಟಾ ಬರದಿದ್ದ, ನಾವು ಸೀದಾ ಮಾಡೀವಿ. ಮದ್ಲು ಸತ್ಯಯುಗ, ಕಡೀಗೆ ಕಲಿಯುಗ, ಸಣ್ಣ ಹುಡುಗ್ರಿಗೂ ಗೊತ್ತೈತಿ. ಪಾಪ, ಏಳನೇತ್ತ ಓದ್ಯಾನ, ನಂಬರು ತಪ್ಪಿರಬೇಕು ಅಂತ..."

"ನಂಬರ್ ಹಾಕಿದ್ದು ನಾನು."

"ಹೌದಾ? ಮತ್ತ ಪ್ರೂಫ್ ನೋಡಿ ಯಾಕ ಸುಮ್ನಿದ್ದಿ?" ಅವನು ಫೋನು ತೆಗೆದು, ಮೇಲೆ ಮೇಲೆ ಸರಿಸಿ, ನನ್ನ ಮುಖದ ಮುಂದೆ ಹಿಡಿದ. ನನ್ನದೇ ನಾಲ್ಕು ಶಬ್ದ. "ನೀನೇ ಪಾಸ್ ಮಾಡೀದಿ. ಊಟ ಮಾಡಕ್ಕಾ, ಹೋಳಿಗಿ ಆರ್ತಾವ."

ನಾನು ಹೋಳಿಗೆ ಮುಟ್ಟಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎಲೆ ಬಿಟ್ಟು ಏಳುವುದು ಬ್ಯಾಡ್ ಮ್ಯಾನರ್ಸ್ ಎಂದು ತಿಂದೆ. ಆ ಹೋಳಿಗೆಯ ಮೇಲೂ ನನಗೆ ಇವತ್ತಿಗೂ ಸಿಟ್ಟಿದೆ.

ವಾಪಸು ಒಂದೇ ಆಟೋದಲ್ಲಿ ಬಂದೆವು, ಅವರು, ಮಗಳು, ನಾನು. ಆಟೋ ಮಾರ್ಕೆಟ್ ಯಾರ್ಡು ದಾಟಿತು.

"ಅಮ್ಮಾರ, ನೀವು ನೋಡೀರಿ ಅಂದ್ರು, ಬಳಗದವ್ರು" ಎಂದರು.

"ನೋಡಿರಲಿಲ್ಲ."

ಅವರು ತಲೆಯಾಡಿಸಿದರು. ನೋಡಿಯೂ ಬಿಟ್ಟಿದ್ದೆ ಎಂದಿದ್ದರೆ ಅವರಿಗೆ ಇಷ್ಟು ನೋವಾಗುತ್ತಿರಲಿಲ್ಲ ಅನಿಸಿತು. "ನಲವತ್ತು ವರ್ಷದಾಗ ಒಂದು ಮೂಟಿ ನೋಡಲಾರ್ದ ಪಾಸ್ ಮಾಡಿಲ್ರಿ ನಾನು" ಎಂದರು. ಬೈಯಲಿಲ್ಲ. ದನಿ ಏರಲಿಲ್ಲ. ಮಗಳು ಹೊರಗೆ ನೋಡುತ್ತಿದ್ದವಳು ತಿರುಗಿ, "ಅಪ್ಪಾ, ಹೋಗ್ಲಿ ಬಿಡು, ಮುಂದಿನ ಸಲ ಸರಿ ಮಾಡ್ತಾರ" ಎಂದಳು.

"ಮುಂದಿನ ಸಲ ಅಂದ್ರ ಯಾವ ಕಾಲದಾಗಬೇ?" ಎಂದರು.

ಮುಂದಿನ ಸಲ ಬರಲಿಲ್ಲ. ನಾನು ಕಾರ್ಯದರ್ಶಿಯ ಅಂಗಡಿಗೆ ನಾಲ್ಕು ಸಲ ಹೋದೆ. "ಈ ಎಡಿಷನ್ ಖಾಲಿ ಆಗ್ಲಿ ಅಕ್ಕಾ" ಎಂದ. "ಕಾಲೇಜಿನವರು ಮೆಚ್ಚ್ಯಾರ ಅಕ್ಕಾ" ಎಂದ. ಒಂದು ತಿದ್ದುಪಡಿ ಚೀಟಿಯಾದರೂ ಅಂಟಿಸು ಎಂದರೆ, "ಜನ ನಗ್ತಾರ" ಎಂದ. ಕಡೆಯ ಸಲ, "ಅಷ್ಟಕ್ಕೂ ಅದು ಇಲ್ಲದ ದೇಶ, ಅಕ್ಕಾ! ಇಲ್ಲದ ದೇಶದ ಕಾಲ ಹಿಂದಾದ್ರೇನು ಮುಂದಾದ್ರೇನು?" ಎಂದ. ಅದೇ ಅವನು ಪ್ರಾಮಾಣಿಕವಾಗಿ ಆಡಿದ ಮಾತು. ಇಲ್ಲದ ದೇಶವನ್ನು ತಿದ್ದಲು ಇಷ್ಟು ಅವಸರ ಯಾಕೆ ಪಟ್ಟೆ ಎಂದು ಕೇಳಬೇಕಿತ್ತು. ಸರಿಯಾದ ಉತ್ತರ ನನಗೆ ಯಾವಾಗಲೂ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಹೊಳೆಯುತ್ತದೆ.

ಬಿಡುಗಡೆ ಆದ ಮೇಲೆ ಅವರು ಮೂರು ಭಾನುವಾರ ಬರಲಿಲ್ಲ. ನಾಲ್ಕನೆಯ ಭಾನುವಾರ ಬಂದರು, ಎರಡು ಹಾಳೆ ಹಿಡಿದುಕೊಂಡು, ಮೇಲೆ ಅಂಗೈ ಮುಚ್ಚಿ. ಪುಸ್ತಕದ ಮಾತು ತೆಗೆಯಲಿಲ್ಲ. ಎರಡೂ ಹೊಸ ಕಥೆಗಳು. ನಾನು ಒಂದೊಂದನ್ನೂ ಎರಡೆರಡು ಸಲ ಓದಿ ಹೇಳಿದೆ; ಎರಡೂ ಸರಿ. "ಪರವಾಗಿಲ್ರಿ" ಎಂದರು. ನನ್ನ ಇಡೀ ಬದುಕಿನಲ್ಲಿ ಸಿಕ್ಕ ಅತಿ ದೊಡ್ಡ ಗ್ರೇಡ್ ಅದು. ಬೆನ್ನು ಬಗ್ಗಿಸಿ ಮೆಟ್ಟಿಲಿಳಿಯುವಾಗ ಕೆಮ್ಮುತ್ತಿದ್ದರು. ಅವರ ಎದೆಯಲ್ಲಿ ನಲವತ್ತು ವರ್ಷದ ಹತ್ತಿಯ ಧೂಳು ಕೂತಿತ್ತು. ಅಪ್ಪನ ಮಿಲ್ಲಿನಲ್ಲಿ ಯಾರಿಗೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಹೇಳಿದವರಿಲ್ಲ. ಬಂಗಾರದ ಕಾಲವಲ್ಲವೇ ಅದು.

ಹೋದ ಚಳಿಗಾಲದಲ್ಲಿ ತೀರಿಕೊಂಡರು, ಕೋಸಗಿಯಲ್ಲಿ, ಮಗಳ ಮನೆಯಲ್ಲಿ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪೇಪರಿನ ಊರ ಪುಟದಲ್ಲಿ ಸಣ್ಣ ಸುದ್ದಿ, ಫೋಟೊ ಸಮೇತ: ಸುವರ್ಣಕಾಲದ ಕಥೆಗಾರ ಇನ್ನಿಲ್ಲ. ನಾನು ಆ ಪೇಪರನ್ನು ನಾಲ್ಕಾಗಿ ಮಡಿಚಿ ಸ್ಟವ್ ಕೆಳಗೆ ಹಾಸಿದೆ.

ತಿಂಗಳ ಮೇಲೆ ಮಗಳು ಒಂದು ರಟ್ಟಿನ ಡಬ್ಬ ತಂದು ವರಾಂಡದಲ್ಲಿಟ್ಟಳು. ಲೇಖಕರಿಗೆ ಎಂದು ಬಳಗದವರು ಕೊಟ್ಟಿದ್ದ ನಲವತ್ತು ಪ್ರತಿ. ಒಂದನ್ನೂ ಅವರು ಯಾರಿಗೂ ಕೊಟ್ಟಿರಲಿಲ್ಲ.

"ಇವನ್ನ ಏನು ಮಾಡ್ಲಿ ಅಮ್ಮಾರ? ಮನ್ಯಾಗ ಇಟ್ಕೊಳ್ಳಾಕ ಮನಸಿಲ್ಲ, ರದ್ದಿಗೆ ಹಾಕಾಕ ಕೈ ಬರವಲ್ದು."

"ಇಲ್ಲೇ ಬಿಡು" ಎಂದೆ.

ಆಮೇಲೆ ಒಂದನ್ನು ಕೈಗೆತ್ತಿಕೊಂಡು ನೋಡಿದೆ. ಅಗ್ಗದ ಕೆಲಸ, ಬರೀ ಗೋಂದು. ಒಂದು ಹೊಲಿಗೆಯೂ ಇಲ್ಲ. ಒಂದೊಂದು ಕಾಲವೂ ಹೊಸ ಹಾಳೆಯಿಂದಲೇ ಶುರುವಾಗಿತ್ತು. 

ತರಕಾರಿ ಚಾಕುವಿನಿಂದ ಬೆನ್ನು ಕತ್ತರಿಸಿದೆ. ಹಾಳೆಗಳು ಬಿಡಿಬಿಡಿಯಾಗಿ ಮಡಿಲಿಗೆ ಬಿದ್ದವು. ನೂರಾ ಹತ್ತೊಂಬತ್ತರಿಂದ ಹಿಡಿದು ಕಾವಲಿನ ಕಾಲವನ್ನು ಮೇಲಿಟ್ಟೆ. ಅದರ ಕೊನೆಯಲ್ಲಿ ಅವರು ಬರೆಯದ ಆ ಸಾಲಿನ ಮೇಲೆ ಕಪ್ಪು ಇಂಕಿನ ಗೆರೆ ಎಳೆದೆ. ಆಮೇಲೆ ಒತ್ತೆಯ ಕಾಲ, ಬೀಗದ ಕಾಲ. ಒಂಬತ್ತನೇ ಪುಟದ ಮಕ್ಕಳು ಕಡೆಗೆ. ಬಂಗಾರ ಬೆಳ್ಳಿ ಹೊಡೆದುಹಾಕಿ ಅವರಿಟ್ಟ ಹೆಸರು ಬರೆದೆ. ಅಂಚಿನಲ್ಲಿ ದಬ್ಬಣದಿಂದ ತೂತು ಕೊರೆದು ದಾರ ಹಾಕಿದೆ. ಮೊದಲನೆಯದಕ್ಕೆ ಒಂದಿಡೀ ದಿನ ಬೇಕಾಯಿತು. ಈಗ ದಿನಕ್ಕೆ ಎರಡಾಗುತ್ತವೆ, ಕಣ್ಣು ಬೆರಳು ಎರಡೂ ಒಪ್ಪಿದರೆ.

ಇಪ್ಪತ್ತಾರು ಮುಗಿದಿವೆ. ಕೇಳಿ ಬಂದವರಿಗೆ ಕೊಡುತ್ತೇನೆ. ಪಕ್ಕದ ಬೀದಿಯ ಟೀಚರ್ ಮರುದಿನವೇ ವಾಪಸು ತಂದಳು: "ಮೇಡಂ, ಬೈಂಡಿಂಗ್ ತಪ್ಪೈತಿ. ನೂರಾ ಹತ್ತೊಂಬತ್ತು ಮೊದ್ಲಿಗೆ ಬಂದೈತಿ."

"ಪುಟದ ನಂಬರು ತಪ್ಪು" ಎಂದೆ. "ಕಾಲ ಸರಿ ಇದೆ. ಹಾಗೇ ಓದು."

ಹೋದ ತಿಂಗಳು ಕಾರ್ಯದರ್ಶಿಯೂ ಬಂದಿದ್ದ. ಯಾರೋ ದೊಡ್ಡವರು ಬರುವವರಿದ್ದಾರಂತೆ, ಕೊಡಲು ಅವನ ಹತ್ತಿರ ಪ್ರತಿ ಮುಗಿದಿವೆಯಂತೆ. ಎಡಿಷನ್ ಖಾಲಿ ಆಗಿದೆ ಎಂದು ಅವನ ಬಾಯಿಂದಲೇ ಬಂತು. ಒಂದನ್ನು ತೆಗೆದು ಕೈಯಲ್ಲಿಟ್ಟೆ. ತಿರುಗಿಸಿ ನೋಡಿದ. ಕೆಂಪು ದಾರದ ಹೊಲಿಗೆ, ಹೊಡೆದುಹಾಕಿದ ಬಂಗಾರ.

"ಅಕ್ಕಾ, ಇದೇನಿದು? ಇದನ್ನ ದೊಡ್ಡವರ ಕೈಯಾಗ ಹೆಂಗ ಕೊಡ್ಲಿ?"

"ಅವರಿಗೆ ಕೊಡಬೇಡ. ನೀನು ಓದು."

"ನಾನು ಓದೀನಿ!"

"ಇಲ್ಲ. ಈ ಪುಸ್ತಕವನ್ನು ನೀನು ಓದಿಲ್ಲ. ಓದಿ ಮುಗಿಸು, ಆಮೇಲೆ ಬಂದು ಬೈ. ನಾನು ಎಲ್ಲಿಗೂ ಹೋಗುವುದಿಲ್ಲ."

ಅವನು ಅದನ್ನು ಬಗಲಲ್ಲಿ ಇರುಕಿಕೊಂಡು ಸ್ಕೂಟರ್ ಹತ್ತಿದ. ಐದು ವಾರವಾಯಿತು. ಬೈಯಲು ಇನ್ನೂ ಬಂದಿಲ್ಲ. ದೊಡ್ಡವರು ಬಂದು ಹೋದರು. ಅವರಿಗೆ ಬಳಗದವರು ಬರೀ ಶಾಲು ಹೊದಿಸಿದರು ಎಂದು ಕೇಳಿದೆ. ಮೊನ್ನೆ ಅವನ ಹೆಂಡತಿ ಮಾರ್ಕೆಟ್ಟಿನಲ್ಲಿ ಸಿಕ್ಕಾಗ, "ಅದೇನೋ ಕೆಂಪು ದಾರದ ಪುಸ್ತಕ ಕೊಟ್ಟೀರಂತ, ಅಕ್ಕಾ. ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಹಾಳಿ ತಿರುವ್ಕೋಂತ ಕುಂದರ್ತಾರ, ಅಂಗಡಿಗೆ ಲಗೂನ ಹೋಗೋದಿಲ್ಲ" ಎಂದು ದೂರಿದಳು.

ನಾನು ಕೊತ್ತಂಬರಿ ತೆಗೆದುಕೊಂಡು ಮನೆಗೆ ಬಂದು ಇಪ್ಪತ್ತೇಳನೆಯದರ ಬೆನ್ನು ಕತ್ತರಿಸಿದೆ.